ಚಪ್ಪಲಿ ಡಬ್ಬಿಯೊಳಗಿನ ಇಂಗ್ಲಿಷ್

ಮೊದಲು ಮರ್ಯಾದೆ ಕಳೆದುಕೊಂಡ ಕಥೆ ಹೇಳಿಬಿಡುತ್ತೇನೆ. ಗಂಗಾವತಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಊರು ಕುಷ್ಟಗಿ ಕಡೆ, ಓದಿದ್ದೆಲ್ಲ ಕನ್ನಡ ಮಾಧ್ಯಮ. ಮಿಲ್ಲಿನಲ್ಲಿ ಇಂಗ್ಲಿಷ್ ಟೈಪ್ ಮಾಡೋಕೆ ಬರುವವನು ನಾನೊಬ್ಬನೇ, ಹಾಗಾಗಿ ಹೊರ ರಾಜ್ಯದ ವ್ಯಾಪಾರಿಗಳಿಗೆ ಮೇಲ್ ಬರೆಯುವ ಕೆಲಸವೂ ನನ್ನ ತಲೆಗೇ ಬಿತ್ತು. ಒಮ್ಮೆ ಕೊಚ್ಚಿಯ ಹೊಸ ಗಿರಾಕಿಯೊಬ್ಬರಿಗೆ, ನಮ್ಮ ಸೋನಾ ಮಸೂರಿ ದಕ್ಷಿಣದಲ್ಲೆಲ್ಲ ಹೆಸರುವಾಸಿ ಅಂತ ಬರೆಯಬೇಕಿತ್ತು. ಫೇಮಸ್ ಅನ್ನೋದು ತೀರಾ ಸಾದಾ ಅನಿಸಿತು. ಆಗಷ್ಟೇ ಬಾಯಿಪಾಠ ಮಾಡಿದ ಒಂದು ಪದವಿತ್ತು, ನೊಟೋರಿಯಸ್. ಗೈಡಿನಲ್ಲಿ ಅದರ ಮುಂದೆ ‘ಹೆಸರಾದ’ ಅಂತ ಇತ್ತು. ಹಾಕಿದೆ, ಕಳಿಸಿದೆ.

ಮರುದಿನ ಸಾಹುಕಾರರು ಕರೆದರು. “ಏನೋ ತಮ್ಮಾ, ನಮ್ಮ ಅಕ್ಕಿ ಎಲ್ಲೆರ ಕಳ್ಳತನ ಮಾಡೇತೇನು?” ಗಿರಾಕಿ ಫೋನ್ ಮಾಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರಂತೆ. ನೊಟೋರಿಯಸ್ ಅಂದರೆ ಕೆಟ್ಟದ್ದಕ್ಕೆ ಹೆಸರಾದದ್ದು, ಕುಖ್ಯಾತ. ರೌಡಿಗೆ ಹೇಳುವ ಮಾತನ್ನು ನಾನು ಅಕ್ಕಿಗೆ ಹೇಳಿದ್ದೆ. ಪುಣ್ಯಕ್ಕೆ ಆರ್ಡರ್ ಕೈ ತಪ್ಪಲಿಲ್ಲ. ಆದರೆ ಆರು ತಿಂಗಳು ಹಮಾಲರಿಂದ ಹಿಡಿದು ಎಲ್ಲರೂ ನನ್ನನ್ನು ನೊಟೋರಿಯಸ್ ಅಂತಲೇ ಕರೆದರು.

ಈ ಪದಗಳ ಹುಚ್ಚು ಹಿಡಿದದ್ದು ಬ್ಯಾಂಕ್ ಪರೀಕ್ಷೆಯಿಂದ. ಕ್ಲರ್ಕ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷಿಗೆ 20 ನಿಮಿಷ, 30 ಪ್ರಶ್ನೆ. ಲೆಕ್ಕದಲ್ಲಿ ನಾನು ಗಟ್ಟಿ, ಇಂಗ್ಲಿಷಿನಲ್ಲಿ ಪ್ಯಾಸೇಜ್ ನೋಡಿದರೆ ಕಣ್ಣು ಕತ್ತಲೆ. ಮೊದಲ ಸಲ ಅದರಲ್ಲೇ ಬಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಸಾವಿರಾರು ಪದಗಳಿರುವ ಒಂದು ದಪ್ಪ ಗೈಡ್ ತಂದು ದಿನಕ್ಕೆ 30 ಪದ ಅಂತ ಶುರು ಮಾಡಿದೆ. ಎ ಅಕ್ಷರದಿಂದ, ಸಾಲಾಗಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಅಕ್ಷರದ ಸಾಲಿನಲ್ಲಿ ಹೋದರೆ ಒಂದೇ ಮುಖದ ಪದಗಳು ಅಕ್ಕಪಕ್ಕ ಬಂದು ಕೂರುತ್ತವೆ. ಅಬೇಟ್ ಅಂದರೆ ಇಳಿಮುಖವಾಗು, ಅಬೆಟ್ ಅಂದರೆ ಕುಮ್ಮಕ್ಕು ಕೊಡು. ಒಂದೇ ದಿನ ಎರಡನ್ನೂ ಓದಿದೆ, ಎರಡೂ ಕಲಸಿಹೋದವು. ಮಳೆಗೆ ಕುಮ್ಮಕ್ಕು ಕೊಟ್ಟೆ, ಕಳ್ಳನನ್ನು ಇಳಿಸಿದೆ. ಈಗ ಒಂದು ನಿಯಮ ಇಟ್ಟುಕೊಂಡಿದ್ದೇನೆ: ಹೋಲುವ ಎರಡು ಪದಗಳಲ್ಲಿ ಒಂದು ಚೆನ್ನಾಗಿ ಬೇರು ಬಿಡುವವರೆಗೆ ಇನ್ನೊಂದನ್ನು ಮುಟ್ಟೋದಿಲ್ಲ.

ಅದೂ ಅಲ್ಲದೆ ಸೋಮವಾರ ಓದಿದ್ದು ಗುರುವಾರ ಇರುತ್ತಿರಲಿಲ್ಲ. ನನ್ನ ತಲೆಯೇ ಮಂದ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ಅನ್ನುವವರು ಅರ್ಥವೇ ಇಲ್ಲದ ಚೂರು ಚೂರು ಪದಗಳನ್ನು ತಾವೇ ಕಂಠಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತೆ ಅಂತ ಲೆಕ್ಕ ಇಟ್ಟು 1885ರಲ್ಲೇ ಪುಸ್ತಕ ಮಾಡಿದ್ದಾರೆ. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ, ಆಮೇಲೆ ನಿಧಾನ. ಹಾಗಾದರೆ ಒಂದೇ ದಿನ ಹತ್ತು ಸಲ ಉರು ಹೊಡೆಯೋದಕ್ಕಿಂತ, ಇವತ್ತೊಮ್ಮೆ, ನಾಳೆಯೊಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ ನೋಡೋದು ಲಾಭ, ಅಲ್ವಾ? ಇದನ್ನೇ ಡಬ್ಬಿಯ ರೂಪಕ್ಕೆ ತಂದವರು ಸೆಬಾಸ್ಟಿಯನ್ ಲೈಟ್ನರ್, 1972ರಲ್ಲಿ.

ನನ್ನ ಡಬ್ಬಿ ಚಪ್ಪಲಿಯದ್ದು. ಒಳಗೆ ರಟ್ಟು ಕತ್ತರಿಸಿ ಐದು ಖಾನೆ ಮಾಡಿದೆ. ಪದ ಬರೆಯುವ ಚೀಟಿಗೆ ದುಡ್ಡು ಹಾಕಲಿಲ್ಲ. ನಮ್ಮ ಕಡೆ ಬೇಸಿಗೆ ಬಂತೆಂದರೆ ಮನೆಗೆ ಲಗ್ನಪತ್ರಿಕೆಗಳ ರಾಶಿ ಬೀಳುತ್ತದೆ. ಗಟ್ಟಿ ಕಾಗದ, ಹಿಂದುಗಡೆ ಖಾಲಿ. ಒಂದು ಪತ್ರಿಕೆಯಲ್ಲಿ ನಾಲ್ಕು ಚೀಟಿ. (ದೇವರ ಚಿತ್ರ ಇರುವ ಭಾಗವನ್ನು ಕತ್ತರಿಸಬೇಡ ಅಂತ ಅವ್ವ ಬೈದಳು, ಅದನ್ನು ಬಿಟ್ಟು ಉಳಿದದ್ದು.) ಹೊಸ ಚೀಟಿ ಮೊದಲ ಖಾನೆಗೆ, ದಿನಾ ನೋಡಬೇಕು. ಸರಿ ಹೇಳಿದರೆ ಎರಡನೆಯದಕ್ಕೆ, ಅದು ಎರಡು ದಿನಕ್ಕೊಮ್ಮೆ. ಹಾಗೇ ಮುಂದೆ ನಾಲ್ಕು ದಿನ, ವಾರ, ಹದಿನೈದು ದಿನ. ಎಲ್ಲಿ ತಪ್ಪಿದರೂ ವಾಪಸ್ ಮೊದಲ ಖಾನೆಗೆ. ಐದನೇ ಖಾನೆಯಿಂದ ವಾಪಸ್ ಬರುವ ಚೀಟಿ ನೋಡಿದರೆ ಅಳು ಬರುತ್ತದೆ, ಆದರೂ ಹಾಕಲೇಬೇಕು. ಹೊಸ ಪದ ದಿನಕ್ಕೆ ಐದೇ. ಆರು ಹಾಕಿದ ವಾರವೆಲ್ಲ ಡಬ್ಬಿ ತುಂಬಿ, ನೋಡೋಕೆ ಬೇಜಾರಾಗಿ, ಮೂಲೆಗೆ ಬಿತ್ತು.

ಮೊದಮೊದಲು ಚೀಟಿಯ ಮುಂದೆ ಇಂಗ್ಲಿಷ್ ಪದ, ಹಿಂದೆ ಕನ್ನಡ ಅರ್ಥ ಬರೆಯುತ್ತಿದ್ದೆ. ನೆನಪೇನೋ ಉಳಿಯಿತು, ಬಳಸೋಕೆ ಬರಲಿಲ್ಲ. ಅಬೇಟ್, ಅಲೀವಿಯೇಟ್, ಮಿಟಿಗೇಟ್ ಮೂರಕ್ಕೂ ನನ್ನ ಗೈಡಿನಲ್ಲಿ ‘ಕಡಿಮೆ ಮಾಡು’ ಅಂತಲೇ ಇತ್ತು. ಮೂರೂ ಒಂದೇ ಆದರೆ ಮೂರು ಪದ ಯಾಕೆ ಬೇಕು? ಉತ್ತರ ಸಿಕ್ಕಿದ್ದು ಕನ್ನಡದಲ್ಲೇ. ನಮ್ಮಲ್ಲಿ ಸಿಟ್ಟು ತಣಿಯುತ್ತದೆ, ಹಸಿವು ಹಿಂಗುತ್ತದೆ, ಜ್ವರ ಇಳಿಯುತ್ತದೆ, ಮಳೆ ಹೊಳವಾಗುತ್ತದೆ. ಜ್ವರ ಹಿಂಗಿತು, ಹಸಿವು ಹೊಳವಾಯಿತು ಅಂದರೆ ಚಿಕ್ಕ ಹುಡುಗನೂ ನಗುತ್ತಾನೆ. ಇಂಗ್ಲಿಷಿನವರದ್ದೂ ಹಾಗೇ. ಬಿರುಗಾಳಿ ತಾನಾಗಿ ಅಬೇಟ್ ಆಗುತ್ತದೆ. ನೋವನ್ನು, ಬಡತನವನ್ನು ಅಲೀವಿಯೇಟ್ ಮಾಡುತ್ತಾರೆ. ಅಪಾಯವನ್ನು, ಮುಂದೆ ಆಗಬಹುದಾದ ಹಾನಿಯನ್ನು ಮಿಟಿಗೇಟ್ ಮಾಡುತ್ತಾರೆ. ಅವತ್ತಿನಿಂದ ಚೀಟಿಯ ಮುಂದೆ ಪದ ಬರೆಯೋದೇ ಬಿಟ್ಟೆ. ಒಂದು ವಾಕ್ಯ, ನಡುವೆ ಬಿಟ್ಟ ಸ್ಥಳ. ಹಿಂದೆ ಪದ, ಕನ್ನಡ ಅರ್ಥ, ಅದರ ಜೊತೆ ಓಡಾಡುವ ಎರಡು ಮೂರು ಪದ. ನೊಟೋರಿಯಸ್ ಚೀಟಿಯ ಹಿಂದೆ ಕ್ರಿಮಿನಲ್, ಗ್ಯಾಂಗ್ ಅಂತ ಬರೆದಿದ್ದರೆ ಅಕ್ಕಿ ಬಚಾವಾಗುತ್ತಿತ್ತು.

ಯಾವ ಪದ ಮೊದಲು ಅನ್ನೋದೂ ಮುಖ್ಯ. ನಾನು ಗೈಡ್ ನಂಬಿ ಯಾರೂ ಬಳಸದ ಬಡಾಯಿ ಪದಗಳಿಗೆ ಎರಡು ತಿಂಗಳು ಕಳೆದೆ. ಢಾಕಾದಲ್ಲಿ ಪಾಠ ಮಾಡಿದ್ದ ಮೈಕಲ್ ವೆಸ್ಟ್ 1953ರಲ್ಲಿ, ಎಲ್ಲ ಕಡೆ ಬರುವ ಸುಮಾರು 2000 ಪದಗಳ ಪಟ್ಟಿ ಪ್ರಕಟಿಸಿದರು. ಅದರ ಮೇಲೆ ನ್ಯೂಜಿಲೆಂಡಿನ ಆವೆರಿಲ್ ಕಾಕ್ಸ್‌ಹೆಡ್ 2000ನೇ ಇಸವಿಯಲ್ಲಿ 570 ಪದ ಕುಟುಂಬಗಳ (ಒಂದು ಪದ, ಅದರಿಂದ ಹುಟ್ಟಿದ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಪಟ್ಟಿ ಮಾಡಿದರು, ಓದುಬರಹದ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬರುವಂಥವು. ಎರಡೂ ನೆಟ್ಟಿನಲ್ಲಿ ಸುಮ್ನೆ ಸಿಗುತ್ತವೆ. ಆ 570ರಲ್ಲಿ ಅರ್ಧದಷ್ಟು ನನಗೆ ‘ಗೊತ್ತು’ ಅನಿಸಿದವು. ವಾಕ್ಯ ಮಾಡು ಅಂದರೆ ಬಾಯಿ ಕಟ್ಟಿತು. ಅರ್ಧ ಗೊತ್ತಿರುವ ಈ ಪದಗಳೇ ಪರೀಕ್ಷೆಯಲ್ಲಿ ಕೈ ಕೊಡೋದು.

ಇನ್ನು ನನಗೆ ತುಂಬಾ ಖುಷಿ ಕೊಟ್ಟ ವಿಷಯಕ್ಕೆ ಬರುತ್ತೇನೆ. ಮಿಲ್ಲಿನ ಎದುರಿನ ಕಿರಾಣಿ ಅಂಗಡಿಯಲ್ಲಿ ಗಲ್ಲಾ ಪೆಟ್ಟಿಗೆಯ ಮೇಲೆ ಒಂದು ಬೋರ್ಡ್ ಇದೆ. ನಿಮ್ಮೂರಲ್ಲೂ ಇರುತ್ತದೆ, ‘ಇಂದು ನಗದು ನಾಳೆ ಉದ್ರಿ’. ದಿನಾ ನೋಡುತ್ತಿದ್ದೆ. ಲೆಕ್ಕದ ಪುಸ್ತಕದಲ್ಲಿ ನಾನು ಬೆಳಗಿನಿಂದ ಸಂಜೆವರೆಗೆ ಬರೆಯುವ ಕ್ರೆಡಿಟ್ ಅನ್ನುವ ಪದ ಲ್ಯಾಟಿನ್ನಿನ ಕ್ರೆಡೆರೆ ಅನ್ನುವುದರಿಂದ ಬಂದದ್ದು, ಅಂದರೆ ನಂಬು. ಉದ್ರಿ ಅಂದರೆ ಅದೇ ಅಲ್ವಾ, ನಂಬಿ ಕೊಡೋದು. ಇದು ತಲೆಗೆ ಹೊಳೆದ ದಿನ ಒಂದೇ ಏಟಿಗೆ ನಾಲ್ಕು ಚೀಟಿ ಆದವು: ನಂಬಬಹುದಾದದ್ದು ಕ್ರೆಡಿಬಲ್, ಹೇಳಿದ್ದನ್ನೆಲ್ಲ ನಂಬುವ ಪೆದ್ದ ಕ್ರೆಡ್ಯುಲಸ್, ನಂಬಲಾಗದೆ ಹುಬ್ಬೇರಿಸುವವನು ಇನ್‌ಕ್ರೆಡ್ಯುಲಸ್, ನಂಬಲಾಗದಂಥ ಸಂಗತಿ ಇನ್‌ಕ್ರೆಡಿಬಲ್. ಕೊನೆಯ ಎರಡರಲ್ಲಿ ಒಂದು ಮನುಷ್ಯನಿಗೆ, ಇನ್ನೊಂದು ಸಂಗತಿಗೆ. ಪರೀಕ್ಷೆಯವರು ಬಲೆ ಹಾಕೋದೇ ಅಲ್ಲಿ.

ಆ ಬೋರ್ಡಿನ ‘ನಾಳೆ’ಗೂ ಒಂದು ಪದ ಸಿಕ್ಕಿತು. ಲ್ಯಾಟಿನ್ನಿನಲ್ಲಿ ನಾಳೆಗೆ ಕ್ರಾಸ್ ಅನ್ನುತ್ತಾರೆ. ಅದರಿಂದ ಪ್ರೊಕ್ರಾಸ್ಟಿನೇಟ್, ಕೆಲಸವನ್ನು ನಾಳೆಗೆ ತಳ್ಳು. ಹಳೇ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನೇ ದಿನಾ ವಾಪಸ್ ಕಳಿಸಿದ ನಮಗೆ ಈ ಪದ ಕಷ್ಟ ಯಾಕಾಗಬೇಕು?

ಅಂಥದ್ದೇ ಇನ್ನೊಂದು ಊರಲ್ಲಿ ಆಯಿತು. ನಮ್ಮ ಕಾಕಾನದು ಕುರಿ. ರಜೆಗೆ ಹೋದಾಗ ಸಂಜೆ ಹಟ್ಟಿಯಲ್ಲಿ ಕೂತು ಚೀಟಿ ತಿರುವುತ್ತಿದ್ದೆ. “ಏನ್ ಓದಾಕತ್ತೀಯೋ, ಯಾರ ಲಗ್ನ?” ಅಂದ. ಗ್ರೆಕ್ಸ್ ಅಂದರೆ ಲ್ಯಾಟಿನ್ನಿನಲ್ಲಿ ಹಿಂಡು ಕಾಕಾ, ಅದರಿಂದ ಎಷ್ಟೋ ಪದ ಬಂದಾವ ಅಂದೆ. “ಹಿಂಡಿಗೆ ಅಷ್ಟು ಮರಿ ಹುಟ್ಟ್ಯಾವೇನು, ಹೇಳು ನೋಡೂಣು” ಅಂತ ಕಂಬಳಿ ಹಾಸಿಕೊಂಡು ಕೂತ. ಹೇಳಿದೆ. ಕಾಲುಬಾಯಿ ಬೇನೆ ಬಂದ ಕುರಿಯನ್ನು ಹಿಂಡಿನಿಂದ ಬೇರೆ ಕಟ್ಟುತ್ತೀಯಲ್ಲ, ಅದು ಸೆಗ್ರಿಗೇಟ್. ಕೊಪ್ಪಳದ ಗವಿಮಠದ ಜಾತ್ರೆಗೆ ಜನ ಬಂದು ಕೂಡುತ್ತಾರಲ್ಲ, ಅದು ಕಾಂಗ್ರಿಗೇಟ್. ಎಲ್ಲ ಸೇರಿಸಿ ಒಟ್ಟು ಲೆಕ್ಕ ಹಾಕೋದು ಅಗ್ರಿಗೇಟ್. ನಾಲ್ಕು ಜನರ ನಡುವೆಯೇ ಇರಬೇಕು ಅನ್ನುವ ಸ್ವಭಾವದವನು ಗ್ರಿಗೇರಿಯಸ್.

“ಮತ್ತ ಹಿಂಡು ಬಿಟ್ಟು ಹೋಗೂದಕ್ಕ?”

ಅದೂ ಇತ್ತು. ಎಗ್ರೀಜಿಯಸ್, ಹಿಂಡಿನಿಂದ ಹೊರಗೆ ಎದ್ದು ಕಾಣುವುದು. ಮೊದಲು ಅದು ಹೊಗಳಿಕೆಯೇ ಆಗಿತ್ತು, ಎಲ್ಲರಿಗಿಂತ ಮೇಲು ಅಂತ. ಬರುಬರುತ್ತಾ ತಿರುಗಿಬಿದ್ದು, ಈಗ ಇಂಗ್ಲಿಷಿನಲ್ಲಿ ಅದು ಬೈಗುಳ. ಎದ್ದು ಕಾಣುವಷ್ಟು ಕೆಟ್ಟ ತಪ್ಪಿಗೆ ಎಗ್ರೀಜಿಯಸ್ ಎರರ್ ಅನ್ನುತ್ತಾರೆ. ಕಾಕಾನಿಗೆ ಇದು ಸರಿ ಅನಿಸಿತು. “ಹಿಂಡು ಬಿಟ್ಟದ್ದನ್ನ ಯಾರು ಹೊಗಳ್ತಾರ, ತೋಳ ಹೊಗಳಬೇಕು” ಅಂದ. ಅವನ ಹತ್ತಿರ ಸದಾ ಬೇರೆಯವರ ಹೊಲಕ್ಕೆ ನುಗ್ಗುವ ಒಂದು ಟಗರಿತ್ತು. ಅವತ್ತಿನಿಂದ ಅದಕ್ಕೆ ಗ್ರೆಗ್ಯಾ ಅಂತ ಹೆಸರಾಯಿತು. ಈ ಕುಟುಂಬದ ಐದು ಚೀಟಿಗಳಲ್ಲಿ ಒಂದೂ ಮೊದಲ ಖಾನೆಗೆ ವಾಪಸ್ ಬಂದಿಲ್ಲ.

ಹಾಗಂತ ಪದದ ಬೇರನ್ನೇ ನಂಬಿ ಕೂತರೆ ಮೋಸ. ಕುಷ್ಟಗಿ ಮೇಲೆ ಹಾಯುವ 50ನೇ ನಂಬರಿನ ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ದಪ್ಪಕ್ಷರದಲ್ಲಿ ಹೈಲಿ ಇನ್‌ಫ್ಲೇಮಬಲ್ ಅಂತ ಬರೆದಿರುತ್ತದೆ. ಇನ್ ಅಂದರೆ ಅಲ್ಲ ಅಂತ ನಾನು ಕಲಿತಿದ್ದೆ. ಹಾಗಾದರೆ ಬೆಂಕಿ ಹತ್ತೋದೇ ಇಲ್ಲ ಅಂತಾಯಿತಲ್ಲ! ಅಲ್ಲಿನ ಇನ್ ಬೇರೆ, ಒಳಗೆ ಉರಿ ಹಚ್ಚು ಅನ್ನುವ ಅರ್ಥದ್ದು. ಫ್ಲೇಮಬಲ್, ಇನ್‌ಫ್ಲೇಮಬಲ್ ಎರಡೂ ಒಂದೇ, ಎರಡಕ್ಕೂ ಬೆಂಕಿ ಹತ್ತುತ್ತದೆ. ಬೇರನ್ನು ನೆನಪಿಟ್ಟುಕೊಳ್ಳೋಕೆ ಬಳಸುತ್ತೇನೆ, ಅರ್ಥ ಊಹಿಸೋಕೆ ಅಲ್ಲ. ಅರ್ಥಕ್ಕೆ ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟು ನೋಡುತ್ತೇನೆ. ಲಾಂಗ್‌ಮನ್‌ನವರದ್ದರಲ್ಲಿ ಎಲ್ಲ ಅರ್ಥಗಳನ್ನೂ ಸುಮಾರು 2000 ಸುಲಭ ಪದಗಳಲ್ಲೇ ವಿವರಿಸಿರುತ್ತಾರೆ, ಮೊದಲ ತಿಂಗಳು ಕಷ್ಟ, ಆಮೇಲೆ ರೂಢಿಯಾಗುತ್ತದೆ.

ದಿನಾ ಒಂದು ಇಂಗ್ಲಿಷ್ ಸಂಪಾದಕೀಯ ಓದುತ್ತೇನೆ, ನಾಲ್ಕಕ್ಕಿಂತ ಜಾಸ್ತಿ ಪದಕ್ಕೆ ಗೆರೆ ಎಳೆಯೋದಿಲ್ಲ. ಅಲ್ಲೂ ಒಮ್ಮೆ ಮುಗ್ಗರಿಸಿದೆ. ಸ್ಯಾಂಕ್ಷನ್ ನಮಗೆ ಹೊಸದಲ್ಲ, ಲೋನ್ ಸ್ಯಾಂಕ್ಷನ್ ಆಯಿತು ಅಂತ ಹೊಲದಲ್ಲಿರುವವರೂ ಅನ್ನುತ್ತಾರೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಮೆರಿಕ ರಷ್ಯಾಕ್ಕೆ ಸ್ಯಾಂಕ್ಷನ್ಸ್ ಹಾಕಿತು ಅಂತ ಬಂತು. ದುಡ್ಡು ಮಂಜೂರು ಮಾಡಿದ್ದಾರೆ, ಎಂಥಾ ದೊಡ್ಡ ಮನಸ್ಸು ಅಂದುಕೊಂಡು ಇಡೀ ಲೇಖನವನ್ನು ಉಲ್ಟಾ ಓದಿಕೊಂಡೆ. ಒಂದೇ ಪದ ಮಂಜೂರಾತಿಯೂ ಹೌದು, ನಿರ್ಬಂಧವೂ ಹೌದು. ಇದಕ್ಕೆ ಎರಡು ಚೀಟಿ ಮಾಡಿದ್ದೇನೆ, ಎರಡು ಬೇರೆ ಬೇರೆ ವಾಕ್ಯ.

ಉಚ್ಚಾರದ ಬಗ್ಗೆ ಒಂದೇ ಮಾತು. ನಾವು ಬರೆದದ್ದನ್ನು ಹಾಗೇ ಓದುವವರು, ಇಂಗ್ಲಿಷ್ ಹಾಗಲ್ಲ. ಎಪಿಟಮಿ ಅನ್ನುವುದನ್ನು ನಾನು ವರ್ಷಗಟ್ಟಲೆ ಎಪಿಟೋಮ್ ಅಂದೆ, ಡೆಬ್ರಿ ಅನ್ನುವುದನ್ನು ಡೆಬ್ರಿಸ್ ಅಂದೆ. ಈಗ ಮೊಬೈಲಿನಲ್ಲಿ ಕೇಳಿ ಚೀಟಿಯ ಮೂಲೆಯಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳುತ್ತೇನೆ.

ಎರಡನೇ ಸಲ ಪ್ರಿಲಿಮ್ಸ್ ಪಾಸಾಯಿತು, ಮೇನ್ಸ್‌ನಲ್ಲಿ ಹೋಯಿತು. ವಯಸ್ಸಿನ ಮಿತಿ ಇನ್ನೂ ದಾಟಿಲ್ಲ, ನೋಡೋಣ. ಮಿಲ್ಲಿನ ಮೇಲ್‌ಗಳನ್ನು ಈಗಲೂ ನಾನೇ ಬರೆಯೋದು, ಸಾಹುಕಾರರು ಕಳಿಸುವ ಮುಂಚೆ “ಅಕ್ಕಿಗೆ ಏನೂ ಅಂದಿಲ್ಲಲ್ಲ?” ಅಂತ ಒಮ್ಮೆ ಕೇಳುತ್ತಾರೆ. ಡಬ್ಬಿಯಲ್ಲಿ ಒಂಬೈನೂರರ ಹತ್ತಿರ ಚೀಟಿ ಆಗಿವೆ, ಐದನೇ ಖಾನೆ ದಾಟಿದವನ್ನು ರಬ್ಬರ್ ಹಾಕಿ ಬೇರೆ ಕಟ್ಟಿಟ್ಟಿದ್ದೇನೆ. ಮೊದಲ ಖಾನೆಯಲ್ಲಿ ಹನ್ನೊಂದು ಹಟಮಾರಿಗಳು ಕೂತಿವೆ. ಅದರಲ್ಲಿ ಇಂಜೀನಿಯಸ್ ಮತ್ತು ಇಂಜೆನ್ಯುವಸ್ ಜೋಡಿ, ಒಂದು ಚತುರ, ಇನ್ನೊಂದು ಮುಗ್ಧ. ಹೋಲುವ ಪದ ಒಟ್ಟಿಗೆ ಬೇಡ ಅನ್ನುವ ನನ್ನ ನಿಯಮವನ್ನು ನಾನೇ ಮುರಿದು ಒಂದೇ ದಿನ ಹಾಕಿದ್ದೆ. ನಿನ್ನೆ ರಾತ್ರಿಯೂ ಅದಲು ಬದಲು ಹೇಳಿದೆ.