ಗ್ರೂಪಿನ್ಯಾಗ ಬಂದ ವಿಜ್ಞಾನದ ಮೆಸೇಜು ಖರೇನೋ ಸುಳ್ಳೋ, ಹ್ಯಾಂಗ ನೋಡೋದು?

2021ರ ಅಕ್ಟೋಬರ್‌ದಾಗ ಕಲಬುರಗಿ ಜಿಲ್ಲೆದ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರ ಕಡೆ ನೆಲದಾಗಿಂದ ಢಂ ಢಂ ಸಪ್ಪಳ ಬರ್ಲಿಕತ್ತಿತ್ತು, 11ನೇ ತಾರೀಖಿನ ರಾತ್ರಿ 4.1 ತೀವ್ರತೆದ್ದು ಒಂದು ಭೂಕಂಪ ಆಯ್ತು, ಅದೇ ವಾರ ನಮ್ಮನಿ ವಾಟ್ಸಾಪ್ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಂತು. "ಇವತ್ತ ರಾತ್ರಿ 2 ಗಂಟೆಕ್ಕ ದೊಡ್ಡ ಭೂಕಂಪ ಆಗ್ತದ, ನಾಸಾದವ್ರು ಹೇಳ್ಯಾರ, ಯಾರೂ ಮನ್ಯಾಗ ಮಲಗಬ್ಯಾಡ್ರಿ" ಅಂತ. ಕಳಿಸಿದವ್ರು ನಮ್ಮ ಕಾಕಾ. ಅವತ್ತ ರಾತ್ರಿ ಆಯಿನ್ನ ಎಬ್ಬಿಸ್ಕೊಂಡು ಎಲ್ಲಾರೂ ಅಂಗಳದಾಗ ಮಲಗಿದ್ರು, ಬೆಳಗಾನ ಜಿಟಿಜಿಟಿ ಮಳಿ, ಆಯಿಗೆ ನಾಕ್ ದಿನ ಜ್ವರ ಬಂತು. ಆವಾಗಿಂದ ಇಂಥಾ ಮೆಸೇಜ್ ಬಂದ್ರ ನಾ ಏನೇನ್ ನೋಡ್ತೀನಿ ಅನ್ನೋದು ಇಲ್ಲಿ ಬರೀಲಿಕತ್ತೀನಿ, ನಿಮ್ಮನ್ಯಾಗೂ ಉಪಯೋಗ ಆಗ್ತದ.

ಮೊದಲ, ಕಳಿಸಿದವ್ರು ಬ್ಯಾರೆ ಹೇಳಿದವ್ರು ಬ್ಯಾರೆ ಅಂತ ತಲ್ಯಾಗ ಇಟ್ಕೋರಿ. ನಾವು ನಂಬೋದು ಕಾಕಾನ್ನ, ಮೆಸೇಜಿನ್ನ ಅಲ್ಲ. ಕಾಕಾಗ ಯಾರ್ ಕಳಿಸಿದ್ರು, ಅವ್ರಿಗೆ ಯಾರು, ಹಿಂಗ ಕೇಳ್ಕೋತ ಹೋದ್ರ ಎರಡನೇ ಮನ್ಯಾಗೇ ದಾರಿ ಕಟ್ ಆಗ್ತದ. ಮೆಸೇಜಿನ ಮ್ಯಾಲೆ ಎರಡು ಬಾಣದ ಗುರುತು ಇತ್ತಂದ್ರ ಅದು ಭಾಳ ಮಂದಿ ಕೈ ದಾಟಿ ಬಂದದ್ದು, ಯಾರೂ ಅದಕ್ಕ ಜವಾಬ್ದಾರಿ ಇಲ್ಲ. "ಇವತ್ತ", "ನಾಳೆ" ಅಂತ ಇದ್ದು ತಾರೀಖ್ ಇಲ್ಲಂದ್ರ ಅಲ್ಲೇ ನಿಂತ್ ಬಿಡ್ರಿ, ಅಂಥಾದ್ದು ಯಾವ ವರ್ಷ ಬೇಕಾದ್ರೂ ತಿರುಗಿ ಬರ್ತದ. ಇದು ಸಣ್ಣ ಮಾತ್ ಅಲ್ಲ ನೋಡ್ರಿ, 2018ರ ಜುಲೈದಾಗ ಬೀದರ್ ಜಿಲ್ಲೆದ ಮುರ್ಕಿ ಒಳಗ ಮಕ್ಕಳ ಕಳ್ಳರು ಬಂದಾರ ಅನ್ನೋ ಇಂಥಾದ್ದೇ ಗಾಳಿಮಾತಿಗೆ ಹೈದರಾಬಾದಿನಿಂದ ಬಂದಿದ್ದ ಯುವಕನ ಜೀವ ಹೋಯ್ತು.

ಆಮೇಲೆ, ವಿಜ್ಞಾನಕ್ಕ ಏನ್ ಗೊತ್ತಾಗ್ತದ ಏನ್ ಗೊತ್ತಾಗಲ್ಲ ಅನ್ನೋದು ಸ್ವಲ್ಪ ತಿಳ್ಕೊಂಡ್ರ ಅರ್ಧ ಕೆಲಸ ಆಗ್ತದ. ಗ್ರಹಣ ಯಾವ ದಿನ, ಎಷ್ಟ್ ಗಂಟೆ ಎಷ್ಟ್ ಮಿನಿಟಿಗೆ ಹಿಡಿತದ ಅಂತ ಎಷ್ಟೋ ವರ್ಷ ಮೊದಲೇ ಲೆಕ್ಕ ಹಾಕಿ ಹೇಳ್ತಾರ, ತಪ್ಪಲ್ಲ, ಯಾಕಂದ್ರ ಸೂರ್ಯ ಚಂದ್ರ ಭೂಮಿ ಓಡಾಡೋ ದಾರಿ ಗೊತ್ತದ. ಭೂಕಂಪ ಹಂಗಲ್ಲ, ನೆಲದಡಿ ಬಂಡೆಗಲ್ಲು ಯಾವಾಗ ಜಾರ್ತದ ಅಂತ ದಿನ, ಗಂಟೆ ಹೇಳೋದು ಇವತ್ತಿನವರೆಗೂ ಜಗತ್ತಿನ್ಯಾಗ ಯಾರಿಗೂ ಆಗಿಲ್ಲ. ಹಂಗಾಗಿ "2 ಗಂಟೆಕ್ಕ" ಅಂದಿದ್ದೇ ಅದು ಸುಳ್ಳ ಅನ್ನಲಿಕ್ಕ ಸಾಕು. ನಮ್ ಮಂದಿ ಇಲ್ಲೇ ತಪ್ತಾರ. ಖಡಾಖಡಿ ಹೇಳಿದವ್ರಿಗೆ ಎಲ್ಲಾ ಗೊತ್ತದ ಅನ್ಕೋತಾರ, "ಇಷ್ಟು ಗೊತ್ತದ, ಇದು ಗೊತ್ತಿಲ್ಲ" ಅಂದ ವಿಜ್ಞಾನಿನ್ನ ನಂಬಲ್ಲ. ನಾ ಹೇಳೋದು ಉಲ್ಟಾ, ಗೊತ್ತಿಲ್ಲದ್ದು ಯಾವುದು ಅಂತ ಹೇಳೋರ ಮಾತೇ ಮೊದಲ ಕೇಳ್ರಿ. ಗಡಿಕೇಶ್ವಾರದ ಸಪ್ಪಳಕ್ಕೂ ತಜ್ಞರು ಕಾರಣ ಹೇಳಿದ್ರು, ಜೋರ್ ಮಳಿ ಆದಮ್ಯಾಲೆ ನೀರು ಸುಣ್ಣಕಲ್ಲಿನ ಬಿರುಕಿನ್ಯಾಗ ಇಳಿದು ಒಳಗ ಒತ್ತಡ ಬದಲಾಗ್ತದ, ಆವಾಗ ಸಣ್ಣ ಸಣ್ಣ ಕಂಪನ ಆಗ್ತಾವ ಅಂತ. ಆದ್ರ ಆ ಮಾತು ನಮ್ಮ ಗ್ರೂಪಿಗೆ ಬರಲೇ ಇಲ್ಲ.

ಗ್ರಹಣದ ಮಾತ್ ಬಂತಂದ್ರ 2019ರ ಡಿಸೆಂಬರ್ 26ರ ಸೂರ್ಯಗ್ರಹಣ ನೆನಪಾಗ್ತದ. ನಮ್ಮ ಕಲಬುರಗಿ ಬಾಜೂಕಿನ ತಾಜಸುಲ್ತಾನಪುರದಾಗ ಅಂಗವಿಕಲ ಮಕ್ಕಳನ್ನ ಕುತ್ತಿಗಿತನಕ ಮಣ್ಣಾಗ ಹೂಳಿದ್ರು, ಛಲೋ ಆಗ್ತಾವ ಅಂತ. ಆ ತಾಯಿ ತಂದಿಗೆ ಬೈಯೋದು ಸುಲಭ, ನನಗ ಬೈಲಿಕ್ಕ ಆಗಲ್ಲ, ಮಗುವಿನ ಸಲುವಾಗಿ ಎಲ್ಲಾ ಬಾಗಿಲು ಬಡದು ಸಾಕಾದವ್ರು ಅವ್ರು.

ಇನ್ನ ಎಲ್ಲಿ ನೋಡೋದು ಅಂದ್ರ, ಸಂಸ್ಥೆ ಹೆಸರು ಹೇಳ್ಯಾರ ಅಂದ್ರ ಆ ಸಂಸ್ಥೆದ್ದೇ ವೆಬ್‌ಸೈಟಿಗೆ ಹೋಗ್ರಿ. ಭೂಕಂಪ ಆಗಿದ್ರ ರಾಷ್ಟ್ರೀಯ ಭೂಕಂಪನ ಕೇಂದ್ರದವ್ರು ಜಾಗ, ಟೈಮು, ತೀವ್ರತೆ ಹಾಕಿರ್ತಾರ. ಫೋಟೋ ಬಂದ್ರ ಗೂಗಲ್ ಲೆನ್ಸ್‌ಗೆ ಹಾಕ್ರಿ, ಬ್ಯಾರೆ ದೇಶದ್ದು ಹಳೇದು ಅಂತ ಗೊತ್ತಾಗ್ತದ. ಕೇಂದ್ರ ಸರಕಾರದ ಹೆಸರಿನ ಮೆಸೇಜ್ ಇದ್ರ ಪಿಐಬಿ (ಕೇಂದ್ರ ಸರಕಾರದ ಸುದ್ದಿ ಕಚೇರಿ) ಫ್ಯಾಕ್ಟ್ ಚೆಕ್‌ಗೆ ವಾಟ್ಸಾಪ್ ಮಾಡಬಹುದು, 8799711259, ಆದ್ರ ಬರೇ ಕೇಂದ್ರದ ಸುದ್ದಿ ಅಷ್ಟೇ ನೋಡ್ತಾರ.

ತೊಗರಿದು ಬ್ಯಾರೆ ಕಥಿ. ಗಿಡ ಒಣಗಿಸೋ ನೆಟೆ ರೋಗ ಬಂದಾಗ "ಈ ಪುಡಿ ಹಾಕ್ರಿ, ಎಂಟ್ ದಿನದಾಗ ಗಿಡ ಎದ್ದು ನಿಲ್ತದ" ಅಂತ ವಿಡಿಯೋ ಬರ್ತಾವ. ಹೇಳೋನೇ ಮಾರೋನು ಇದ್ರ ಕೈ ಜೇಬಿಗೆ ಹಾಕಬ್ಯಾಡ್ರಿ. ನೆಟೆ ಮಣ್ಣಾಗಿನ ಶಿಲೀಂಧ್ರದಿಂದ ಬರ್ತದ, ಬೇರಿನಿಂದ ಏರ್ತದ, ಪೂರ್ತಿ ಒಣಗಿದ ಗಿಡ ತಿರುಗಿ ಹಸಿರಾಗಲ್ಲ. ಒಣಗಲಿಕತ್ತಿದ ಗಿಡ ಬೇರು ಸಮೇತ ಕಿತ್ಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ಯರಿ, ಇಲ್ಲಂದ್ರ ಕಿಸಾನ್ ಕಾಲ್ ಸೆಂಟರಿಗೆ 1800-180-1551 ಹಚ್ರಿ, ಫ್ರೀ ಅದ, ಕನ್ನಡದಾಗೇ ಮಾತಾಡ್ತಾರ.

ಎಲ್ಲಕಿಂತ ಕಠಿಣ, ದೊಡ್ಡವ್ರಿಗೆ ಹೇಳೋದು. ಗ್ರೂಪಿನ್ಯಾಗ ಎಲ್ಲಾರ ಮುಂದ "ಇದು ಸುಳ್ಳ" ಅಂತ ಹಾಕಬ್ಯಾಡ್ರಿ, ಮರ್ಯಾದಿ ಪ್ರಶ್ನೆ ಆಗ್ತದ, ಅವ್ರು ಇನ್ನ ಗಟ್ಟಿ ಹಿಡಿತಾರ. ನಾನು ಮರುದಿನ ಫೋನ್ ಹಚ್ಚಿದೆ. "ಕಾಕಾ, ನೀವು ಕಿಲ್ಲಾರಿ ಭೂಕಂಪ ನೋಡೀರಲ್ಲ, ಆವಾಗ ಹ್ಯಾಂಗ ಆಗಿತ್ತು?" ಅಂತ ಕೇಳಿದೆ. ಅರ್ಧ ತಾಸು ಹೇಳಿದ್ರು. ಮಹಾರಾಷ್ಟ್ರದ ಲಾತೂರ ಜಿಲ್ಲೆ, 1993ರ ಸೆಪ್ಟೆಂಬರ್ 30, ನಸಿಕಿನ್ಯಾಗ, ಗಣಪತಿ ಕಳಿಸಿ ಬಂದು ಮಲಗಿದ ಮಂದಿ, ಸುಮಾರು 10,000 ಜೀವ. ಕಾಕಾನ ಹೆದರಿಕಿ ಸುಳ್ಳಲ್ಲ, ಅವ್ರಿಗೆ ಸಿಕ್ಕ ಮಾತು ಸುಳ್ಳ ಇತ್ತು. ಅವತ್ತ ಯಾರರೇ ಮೊದಲ ಹೇಳಿದ್ರೇನು ಅಂತ ಕೇಳಿದೆ, ಇಲ್ಲಪಾ ಅಂದ್ರು. ಮತ್ತ ಇವತ್ತಿನವ್ರಿಗೆ 2 ಗಂಟೆ ಅಂತ ಹ್ಯಾಂಗ ಗೊತ್ತಾಯ್ತು ಅಂದೆ, ಗಪ್ಪಾದ್ರು.

ಬರೇ ಸುಳ್ಳ ಅಂತ ಹೇಳಿ ಫೋನ್ ಇಡಬ್ಯಾಡ್ರಿ, ಆ ಜಾಗಕ್ಕ ಖರೇದ್ದು ಒಂದು ಕೊಡ್ರಿ. ಕಿಲ್ಲಾರ್ಯಾಗ ಭಾಳ ಮಂದಿ ಸತ್ತದ್ದು ಕಲ್ಲು ಮಣ್ಣಿನ ದಪ್ಪ ಗ್ವಾಡಿ, ಭಾರದ ಮಾಳಿಗಿ ಮೈಮ್ಯಾಲೆ ಬಿದ್ದು. ಅದನ್ನ ಹೇಳಿದೆ. ಕಾಕಾ ಆ ವಾರನೇ ಆಯಿ ಹೊರಸು ಹಳೇ ಗ್ವಾಡಿ ಬಾಜೂಕಿನಿಂದ ತೆಗೆದು ಬಾಗಿಲ ಕಡೆ ಹಾಕಿಸಿದ್ರು, ಬ್ಯಾಸಿಗ್ಯಾಗ ಮಾಳಿಗಿ ಮ್ಯಾಲಿನ ಮಣ್ಣು ಇಳಿಸಿ ತಗಡು ಹಾಕಿದ್ರು.