ಬಡ್ಡಿ ಏರಿಸಿದ ಕಾಗದ ಬಂದರೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಕ್ರೆಡಿಟ್ ಕಾರ್ಡ್ ನಿಯಮಗಳು

ಅಮೆರಿಕಕ್ಕೆ ಬಂದ ಹೊಸತರಲ್ಲಿ ಕ್ರೆಡಿಟ್ ಕಾರ್ಡ್ ಬಗ್ಗೆ ಎಲ್ಲರೂ ಹೇಳುವ ಬುದ್ಧಿಮಾತು ಒಂದೇ: 'ತಿಂಗಳು ತಿಂಗಳು ಪೂರ್ತಿ ಕಟ್ಟಿಬಿಡಿ, ಬಡ್ಡಿಯ ಗೊಡವೆಯೇ ಇರಲ್ಲ.' ಮಾತು ನಿಜ. ಆದರೆ ಮೊದಲ ವರ್ಷ ಬಾಡಿಗೆ ಮನೆಯ ಡೆಪಾಸಿಟ್, ಹಳೇ ಕಾರು, ಊರಿಗೆ ಹೋಗಿಬರುವ ಟಿಕೆಟ್ ಎಲ್ಲಾ ಒಟ್ಟಿಗೆ ಬಂದು ತಲೆ ಮೇಲೆ ಕೂರುತ್ತವೆ. ಕಾರ್ಡ್ ಮೇಲೆ ಬಾಕಿ ಉಳಿದೇ ಬಿಡುತ್ತದೆ. ಉಳಿದ ಮೇಲೆ ಬ್ಯಾಂಕಿನವರು ಏನು ಮಾಡಬಹುದು, ಏನು ಮಾಡುವಂತಿಲ್ಲ ಅಂತ ಯಾರೂ ಕೂತು ಹೇಳುವುದಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದರಲ್ಲೂ ಒಂದು ನಿಯಮ ಹತ್ತಾರು ವರ್ಷದಿಂದ ಇಲ್ಲಿರುವವರಿಗೂ ಗೊತ್ತಿರುವುದಿಲ್ಲ. ಒಮ್ಮೆ ನಿಮ್ಮ ಬಡ್ಡಿ ಏರಿಸಿದ ಬ್ಯಾಂಕು, ಆರು ತಿಂಗಳಿಗೊಮ್ಮೆಯಾದರೂ ಆ ದರವನ್ನು ಮತ್ತೆ ತೆಗೆದು ನೋಡಲೇಬೇಕು.

ಮೊದಲು ಕಾನೂನಿನ ಹೆಸರು ತಿಳಿದಿರಲಿ, ಫೋನಿನಲ್ಲಿ ಮಾತಾಡುವಾಗ ಬೇಕಾಗುತ್ತದೆ. 1968ರ ಟ್ರೂತ್ ಇನ್ ಲೆಂಡಿಂಗ್ ಆಕ್ಟ್ ಬುನಾದಿ. ಅದರ ಕೆಳಗೆ ಬರುವ ನಿಯಮಗಳಿಗೆ ರೆಗ್ಯುಲೇಶನ್ ಝಡ್ ಎನ್ನುತ್ತಾರೆ. 2009ರ ಮೇ 22ರಂದು ಒಬಾಮಾ ಸಹಿ ಹಾಕಿದ ಕಾರ್ಡ್ ಆಕ್ಟ್ ಇದಕ್ಕೆ ನಿಜವಾದ ಹಲ್ಲು ಕೊಟ್ಟಿತು. ಹೆಚ್ಚಿನ ನಿಯಮಗಳು 2010ರ ಫೆಬ್ರವರಿಯಲ್ಲಿ, ದರದ ಮರುಪರಿಶೀಲನೆಯದು ಅದೇ ವರ್ಷ ಆಗಸ್ಟ್‌ನಲ್ಲಿ ಜಾರಿಗೆ ಬಂದವು. ಅದಕ್ಕೂ ಮುಂಚೆ ಬೇರೆ ಯಾವುದೋ ಸಾಲ ತಡವಾಗಿ ಕಟ್ಟಿದ್ದೀರಿ ಅಂತ ಈ ಕಾರ್ಡಿನ ಹಳೇ ಬಾಕಿಗೂ ಬಡ್ಡಿ ಏರಿಸುತ್ತಿದ್ದರು.

ಒಂದು ಭ್ರಮೆ ಬೇಡ. ಬಡ್ಡಿ ಎಷ್ಟಿರಬೇಕು ಅನ್ನುವುದಕ್ಕೆ ಇಲ್ಲಿ ಎಲ್ಲಾ ಬ್ಯಾಂಕುಗಳಿಗೂ ಅನ್ವಯಿಸುವ ಮಿತಿ ಇಲ್ಲ. 1978ರಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು: ರಾಷ್ಟ್ರೀಯ ಬ್ಯಾಂಕು (ಫೆಡರಲ್ ಪರವಾನಗಿ ಪಡೆದ ಬ್ಯಾಂಕು) ತಾನಿರುವ ರಾಜ್ಯದ ಬಡ್ಡಿ ನಿಯಮವನ್ನೇ ಬೇರೆ ರಾಜ್ಯದ ಗ್ರಾಹಕರಿಗೂ ಹಾಕಬಹುದು. ಆಮೇಲೆ ದೊಡ್ಡ ಬ್ಯಾಂಕುಗಳು ಮಿತಿ ಇಲ್ಲದ ರಾಜ್ಯಗಳಲ್ಲಿ ಬೀಡುಬಿಟ್ಟವು. ನಿಮ್ಮ ಕಾರ್ಡಿನ ಕಾಗದಪತ್ರ ಸೌತ್ ಡಕೋಟಾ, ಡೆಲವೇರ್ ವಿಳಾಸದಿಂದ ಬರುವುದು ಸುಮ್ನೆ ಅಲ್ಲ. ಸದಸ್ಯರೇ ಒಡೆಯರಾದ, ಸಹಕಾರಿ ಬ್ಯಾಂಕಿನಂಥ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳಿಗೆ ಮಾತ್ರ 18% ಮಿತಿ ಇದೆ. ನಿಮ್ಮ ಆಫೀಸಿನವರಿಗೋ ಯೂನಿವರ್ಸಿಟಿಯವರಿಗೋ ಅಂಥದ್ದು ಇದ್ದರೆ ಮೊದಲು ಅಲ್ಲೇ ವಿಚಾರಿಸಿ. ಉಳಿದ ಕಡೆ ಕಾನೂನು ಕೈಹಾಕುವುದು ಎರಡೇ ಕಡೆ: ದರವನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು, ಹೇಳಿದ ಮೇಲೆ ಮನಬಂದಂತೆ ಬದಲಿಸಬಾರದು.

ಅರ್ಜಿಯ ಜೊತೆಗಿರುವ ಪಟ್ಟಿ

ಕಾರ್ಡಿನ ಅರ್ಜಿ ಆನ್‌ಲೈನ್ ಇರಲಿ, ಅಂಚೆಯಲ್ಲಿ ಬರಲಿ, ಜೊತೆಗೆ ಒಂದು ಪಟ್ಟಿ ಇರಲೇಬೇಕು. ಈ ನಿಯಮ ಬಂದಾಗ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಸದಸ್ಯರಾಗಿದ್ದ ಚಕ್ ಶೂಮರ್ ಹೆಸರಿನಲ್ಲಿ ಅದನ್ನು ಶೂಮರ್ ಬಾಕ್ಸ್ ಎನ್ನುತ್ತಾರೆ. ಖರೀದಿಯ ಎಪಿಆರ್, ಅಂದರೆ ವಾರ್ಷಿಕ ಬಡ್ಡಿ ದರ, ದಪ್ಪ ಅಕ್ಷರದಲ್ಲಿ, ಕಡಿಮೆಯೆಂದರೂ 16 ಪಾಯಿಂಟ್ ಗಾತ್ರದಲ್ಲಿ ಇರಬೇಕು. ಬಣ್ಣದ ಜಾಹೀರಾತು ಬಿಡಿ, ಈ ಪಟ್ಟಿ ಓದಿ. ಕ್ಯಾಶ್ ಅಡ್ವಾನ್ಸ್ ಸಾಲಿನಲ್ಲಿ ಬೇರೆ, ಸಾಮಾನ್ಯವಾಗಿ ಜಾಸ್ತಿ ದರ ಇರುತ್ತದೆ. ಎಟಿಎಂನಲ್ಲಿ ಈ ಕಾರ್ಡಿಂದ ನಗದು ತೆಗೆದರೆ ಸಾಧಾರಣವಾಗಿ ಅವತ್ತಿನಿಂದಲೇ ಬಡ್ಡಿ ಶುರು. 'ವೇರಿಯಬಲ್' ಅಂತ ಬರೆದಿದ್ದರೆ ದರವನ್ನು ಬ್ಯಾಂಕುಗಳ ಮೂಲ ದರವಾದ ಪ್ರೈಮ್ ರೇಟ್‌ನಂಥ ಸೂಚ್ಯಂಕಕ್ಕೆ ಕಟ್ಟಿದ್ದಾರೆ ಅಂತ ಅರ್ಥ. ಇಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿ ಏರಿಸಿದಾಗ ನಿಮ್ಮದೂ ಏರುತ್ತದೆ, ಅದಕ್ಕೆ ಮುಂಗಡ ಕಾಗದ ಬರುವುದಿಲ್ಲ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

45 ದಿನದ ಕಾಗದ

ಬ್ಯಾಂಕು ತಾನಾಗಿ ನಿಮ್ಮ ದರ ಏರಿಸಬೇಕೆಂದರೆ 45 ದಿನ ಮೊದಲೇ ತಿಳಿಸಬೇಕು. ಖಾತೆ ತೆರೆದ ಮೊದಲ ವರ್ಷದಲ್ಲಿ ಇದನ್ನೂ ಮಾಡುವಂತಿಲ್ಲ. ಮೊದಲ ವರ್ಷದ ಈ ತಡೆಗೆ ವಿನಾಯಿತಿಗಳು ಕೆಲವೇ: ಸೂಚ್ಯಂಕ ಏರಿದಾಗ, ಕಡಿಮೆ ದರದ ಕೊಡುಗೆಯ ಅವಧಿ ಮುಗಿದಾಗ, ನೀವು 60 ದಿನಕ್ಕಿಂತ ಜಾಸ್ತಿ ತಡ ಮಾಡಿದಾಗ, ಇಂಥವು. ಕೊಡುಗೆಯ ದರ ಅಂತ ಕೊಟ್ಟರೂ ಅದು ಕಡಿಮೆಯೆಂದರೆ ಆರು ತಿಂಗಳು ನಡೆಯಬೇಕು.

ಈ ಕಾಗದದಲ್ಲಿ ಮೂರು ದಿನಾಂಕಗಳಿವೆ. ಉದಾಹರಣೆಗೆ, ಮಾರ್ಚ್ 1ಕ್ಕೆ ಕಾಗದ ಕಳಿಸಿದ್ದಾರೆ, ದರ 22.99%ರಿಂದ 27.99% ಆಗುತ್ತದೆ ಅಂತಿಟ್ಟುಕೊಳ್ಳಿ. ಹೊಸ ದರ ಏಪ್ರಿಲ್ 15ಕ್ಕಿಂತ ಮುಂಚೆ ಜಾರಿಗೆ ಬರುವಂತಿಲ್ಲ. ಆದರೆ ನಡುವೆ ಇನ್ನೊಂದು ಗೆರೆ ಇದೆ, 14 ದಿನದ್ದು. ಮಾರ್ಚ್ 15ರವರೆಗೆ ನೀವು ಮಾಡಿದ ಖರ್ಚು, ಅದಕ್ಕೂ ಹಿಂದಿನ ಬಾಕಿ, ಎಲ್ಲದಕ್ಕೂ ಹಳೇ ದರವೇ ಉಳಿಯುತ್ತದೆ. ಮಾರ್ಚ್ 16ರಿಂದ ಮುಂದೆ ಗೀಚಿದ್ದಕ್ಕೆ ಏಪ್ರಿಲ್ 15ರಿಂದ ಹೊಸ ದರ. 'ಇನ್ನೂ ಜಾರಿಗೆ ಬಂದಿಲ್ಲವಲ್ಲ' ಅಂತ ಮಾರ್ಚ್ ಕೊನೆಯಲ್ಲಿ ಸೋಫಾ ಕೊಂಡರೆ ಅದು ದುಬಾರಿ ದರದ ಬುಟ್ಟಿಗೇ ಬೀಳುತ್ತದೆ. ಕಾಗದ ಕೈಗೆ ಬಂದ ದಿನವೇ ಆ ಕಾರ್ಡನ್ನು ಪರ್ಸಿಂದ ತೆಗೆದಿಟ್ಟು ಬೇರೆ ಕಾರ್ಡ್ ಬಳಸುವುದು ಒಳ್ಳೆಯದು. ಹಳೇ ಬಾಕಿಯನ್ನು ಹಳೇ ದರದಲ್ಲೇ ತೀರಿಸಿ.

ಅದೇ ಕಾಗದದಲ್ಲಿ ಏರಿಕೆಗೆ ಕಾರಣ ಬರೆದಿರಬೇಕು. ನಾಲ್ಕರವರೆಗೆ ಮುಖ್ಯ ಕಾರಣ, ಮಹತ್ವದ ಕ್ರಮದಲ್ಲಿ. ನಿಮ್ಮ ಸಾಲ-ಪಾವತಿಯ ದಾಖಲೆಯಾದ ಕ್ರೆಡಿಟ್ ರಿಪೋರ್ಟ್‌ನಲ್ಲಿ ತಡ ಪಾವತಿ, ಮಿತಿಗೆ ಹೋಲಿಸಿದರೆ ಬಾಕಿ ಜಾಸ್ತಿ, ಹೀಗೆ ಏನೋ ಇರುತ್ತದೆ. ದಯವಿಟ್ಟು ಈ ಕಾಗದ ಎಸೆಯಬೇಡಿ. ಫೋಟೋ ತೆಗೆದು ಇಟ್ಟುಕೊಳ್ಳಿ, ಹೊಸ ದರ ಜಾರಿಗೆ ಬರುವ ದಿನಾಂಕದಿಂದ ಆರು ತಿಂಗಳಿಗೆ ಫೋನಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಆರು ತಿಂಗಳ ಮರುಪರಿಶೀಲನೆ

ಗುರುತು ಯಾಕೆಂದರೆ, ರೆಗ್ಯುಲೇಶನ್ ಝಡ್‌ನ 1026.59ನೇ ಸೆಕ್ಷನ್ ಪ್ರಕಾರ ಹೀಗೆ ಏರಿಸಿದ ದರವನ್ನು ಬ್ಯಾಂಕು ಆರು ತಿಂಗಳಿಗೊಮ್ಮೆಯಾದರೂ ಮತ್ತೆ ಅಳೆಯಬೇಕು. ಅಳೆಯಲು ದಾರಿ ಎರಡು. ಏರಿಸುವಾಗ ಯಾವ ಕಾರಣ ನೋಡಿದ್ದರೋ ಅವೇ ಈಗ ಹೇಗಿವೆ ಅಂತ ನೋಡಬಹುದು. ಇಲ್ಲವೇ, ಅಂಥದ್ದೇ ಹೊಸ ಕಾರ್ಡ್ ಇವತ್ತು ಕೊಡುವುದಾದರೆ ಏನೇನು ನೋಡುತ್ತಾರೋ ಅದನ್ನು ನೋಡಬಹುದು. ಇಳಿಸಬೇಕು ಅಂತ ಲೆಕ್ಕ ಬಂದರೆ, ಪರಿಶೀಲನೆ ಮುಗಿದ 45 ದಿನದೊಳಗೆ ಇಳಿಸಬೇಕು. ಏರಿಕೆಗೆ ಮುಂಚಿನ ದರಕ್ಕೆ ಮರಳುವವರೆಗೂ ಈ ಹೊಣೆ ತಪ್ಪುವುದಿಲ್ಲ. ಎರಡನೇ ಸಲ ನೋಡಿ ಕೈತೊಳೆದುಕೊಳ್ಳುವಂತಿಲ್ಲ.

ಇದರ ಮಿತಿಯೂ ಗೊತ್ತಿರಲಿ. ಪರಿಶೀಲಿಸಲೇಬೇಕು, ಆದರೆ ಇಳಿಸಲೇಬೇಕು ಅಂತಿಲ್ಲ. ಇಳಿಸಿದರೂ ಪೂರ್ತಿ ಹಳೇ ದರಕ್ಕೇ ಇಳಿಸಬೇಕಿಲ್ಲ. ನೋಡಿದೆವು, ಇಳಿಸಲಿಲ್ಲ ಅಂತ ನಿಮಗೆ ಪತ್ರ ಬರೆಯುವ ಕಟ್ಟುಪಾಡೂ ಇಲ್ಲ. ಇದೇ ಈ ನಿಯಮದ ದೊಡ್ಡ ದೌರ್ಬಲ್ಯ ಅಂತ ನನ್ನ ಅನಿಸಿಕೆ. ಎಲ್ಲಾ ಬ್ಯಾಂಕಿನ ಒಳಗೇ ನಡೆಯುತ್ತದೆ, ನಮಗೆ ಕಾಣುವುದು ಸ್ಟೇಟ್‌ಮೆಂಟಿನ ಒಂದು ಅಂಕಿ ಮಾತ್ರ. ಆದ್ದರಿಂದ ಆರು ತಿಂಗಳಾದ ಮೇಲೆ ಆ ಅಂಕಿಯನ್ನು ನೀವೇ ನೋಡಿ. ಬದಲಾಗದಿದ್ದರೆ ಕಾರ್ಡಿನ ಹಿಂದಿರುವ ನಂಬರಿಗೆ ಫೋನ್ ಮಾಡಿ, ಏರಿಕೆಯ ದಿನಾಂಕ, ಅವರೇ ಬರೆದ ಕಾರಣ ಓದಿ ಹೇಳಿ, 'ಆ ಕಾರಣ ಈಗ ಇಲ್ಲ, ಮರುಪರಿಶೀಲನೆಯಲ್ಲಿ ಏನಾಯಿತು?' ಅಂತ ಕೇಳಿ. ಸುಮ್ನೆ 'ಬಡ್ಡಿ ಕಡಿಮೆ ಮಾಡಿ' ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಫೋನಿನಲ್ಲಿ ಮಾತು ತೇಲಿಹೋದರೆ ಆ್ಯಪ್‌ನ ಮೆಸೇಜ್‌ನಲ್ಲೋ ಪತ್ರದಲ್ಲೋ ಬರೆದು ಕೇಳಿ. ಉತ್ತರವೇ ಬರದಿದ್ದರೆ ಫೆಡರಲ್ ಗ್ರಾಹಕ ಹಣಕಾಸು ಸಂಸ್ಥೆಯಾದ ಸಿಎಫ್‌ಪಿಬಿಗೆ ದೂರು ಕೊಡಬಹುದು.

ಹೊಸಬರು ಇಲ್ಲೊಂದು ಕಡೆ ಎಡವುತ್ತಾರೆ. ಬಂದ ಹೊಸತರಲ್ಲಿ ಕ್ರೆಡಿಟ್ ಇತಿಹಾಸವೇ ಇರುವುದಿಲ್ಲ. ಊರಿನಲ್ಲಿ ಇಪ್ಪತ್ತು ವರ್ಷ ಸಾಲ ಸರಿಯಾಗಿ ತೀರಿಸಿದ್ದರೂ ಇಲ್ಲಿನ ಕಂಪ್ಯೂಟರಿಗೆ ಸಾಮಾನ್ಯವಾಗಿ ಅದು ಕಾಣುವುದಿಲ್ಲ. ಹಾಗಾಗಿ ಮೊದಲ ಕಾರ್ಡೇ ಜಾಸ್ತಿ ದರದ್ದು ಸಿಗುತ್ತದೆ. ಆ ದರ ಯಾರೂ ಏರಿಸಿದ್ದಲ್ಲ, ಮೊದಲಿನಿಂದಲೂ ಇದ್ದದ್ದು. ಆರು ತಿಂಗಳ ನಿಯಮ ಅದಕ್ಕೆ ಅನ್ವಯಿಸುವುದೇ ಇಲ್ಲ. ಸೂಚ್ಯಂಕದಿಂದ ಏರಿದ್ದಕ್ಕೂ, ಕೊಡುಗೆ ಮುಗಿದು ಏರಿದ್ದಕ್ಕೂ ಇಲ್ಲ. ವರ್ಷ ಕಳೆದು ಕ್ರೆಡಿಟ್ ಸ್ಕೋರ್ ಚೆನ್ನಾದ ಮೇಲೆ ನೀವೇ ಕೇಳಬೇಕು, ಕೊಡದಿದ್ದರೆ ಬೇರೆ ಕಾರ್ಡ್ ನೋಡಬೇಕು. ಹಳೇದನ್ನು ಮಾತ್ರ ಅವಸರದಲ್ಲಿ ಮುಚ್ಚಬೇಡಿ, ಅದರ ವಯಸ್ಸು ಸ್ಕೋರಿಗೆ ನೆರವಾಗುತ್ತದೆ.

ಊರಿಗೆ ಹೋದಾಗ

ದೊಡ್ಡ ಏಟು ಬೀಳುವುದು 60 ದಿನ ತಡವಾದರೆ. ಆಗ ಹಳೇ ಬಾಕಿಗೂ ಹೊಸ ದರ ಹಾಕಬಹುದು. ಯಾರು ಎರಡು ತಿಂಗಳು ಮರೆಯುತ್ತಾರೆ ಅನ್ನಬೇಡಿ. ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಾರೆ, ಇಲ್ಲಿನ ಸಿಮ್ ತೆಗೆದಿಡುತ್ತಾರೆ, ಓಟಿಪಿ ಬರುವುದಿಲ್ಲ, ಲಾಗಿನ್ ಆಗುವುದಿಲ್ಲ. ವೀಸಾ ಸ್ಟಾಂಪಿಂಗ್ ತಡವಾಗಿ ರಜೆ ಉದ್ದವಾಗುತ್ತದೆ. ಅಷ್ಟರಲ್ಲಿ ಎರಡು ಡ್ಯೂ ಡೇಟ್ ದಾಟಿರುತ್ತವೆ. ಹೊರಡುವ ಮೊದಲು ಮಿನಿಮಮ್ ಮೊತ್ತಕ್ಕಾದರೂ ಆಟೋಪೇ ಹಾಕಿ, ಖಾತೆಯಲ್ಲಿ ದುಡ್ಡಿಡಿ. ಹಾಗೂ ತಪ್ಪಿಹೋಗಿ ದರ ಏರಿದರೆ, ಏರಿಕೆ ಜಾರಿಗೆ ಬಂದ ನಂತರದ ಮೊದಲ ಕಂತಿನಿಂದ ಶುರುಮಾಡಿ ಸತತ ಆರು ಮಿನಿಮಮ್ ಕಂತು ಸಮಯಕ್ಕೆ ಕಟ್ಟಿ. ಆಗ ಹಳೇ ಬಾಕಿಯ ದರವನ್ನು ಬ್ಯಾಂಕು ಇಳಿಸಲೇಬೇಕು. ಇದರಲ್ಲಿ 'ನೋಡೋಣ' ಇಲ್ಲ. ಆದರೆ ಆರರಲ್ಲಿ ಒಂದು ತಪ್ಪಿದರೂ ಈ ಹಕ್ಕು ಹೋಯಿತು.

ಸ್ಟೇಟ್‌ಮೆಂಟ್ ಡ್ಯೂ ಡೇಟಿಗೆ 21 ದಿನ ಮೊದಲೇ ಕಳಿಸಬೇಕು, ಡ್ಯೂ ಡೇಟ್ ಪ್ರತಿ ತಿಂಗಳೂ ಒಂದೇ ತಾರೀಕಿಗಿರಬೇಕು. ಲೇಟ್ ಫೀ ನೀವು ಕಟ್ಟಬೇಕಿದ್ದ ಮಿನಿಮಮ್ ಮೊತ್ತವನ್ನು ಮೀರುವಂತಿಲ್ಲ. ಲೇಟ್ ಫೀಯನ್ನು 8 ಡಾಲರಿಗೆ ಇಳಿಸಿದ್ದಾರಂತೆ ಅನ್ನುವ ಮಾತು ಈಗಲೂ ಕೇಳಿಬರುತ್ತದೆ. ದೊಡ್ಡ ಬ್ಯಾಂಕುಗಳಿಗಾಗಿ 2024ರಲ್ಲಿ ಹೊರಡಿಸಿದ ಆ ನಿಯಮವನ್ನು 2025ರಲ್ಲಿ ಕೋರ್ಟು ರದ್ದು ಮಾಡಿತು, ನಂಬಿ ಕೂರಬೇಡಿ.

ಸ್ಟೇಟ್‌ಮೆಂಟಿನಲ್ಲಿ ಮಿನಿಮಮ್ ಮಾತ್ರ ಕಟ್ಟಿದರೆ ಸಾಲ ತೀರಲು ಎಷ್ಟು ವರ್ಷ, ಮೂರು ವರ್ಷದಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಅಂತ ಸಣ್ಣ ಚೌಕದಲ್ಲಿ ಕೊಡಬೇಕು. 24% ದರದಲ್ಲಿ 3,000 ಡಾಲರ್ ಬಾಕಿ ಇದ್ದರೆ ಮೂರು ವರ್ಷಕ್ಕೆ ತಿಂಗಳಿಗೆ ಸುಮಾರು 118 ಡಾಲರ್. ಬಡ್ಡಿಯೇ ಸಾವಿರದ ಇನ್ನೂರು ದಾಟುತ್ತದೆ.

ಒಂದೇ ಕಾರ್ಡಿನಲ್ಲಿ ಎರಡು ದರದ ಬಾಕಿ ಇದ್ದರೆ, ಮಿನಿಮಮ್‌ಗಿಂತ ಹೆಚ್ಚಿಗೆ ಕಟ್ಟಿದ್ದು ಜಾಸ್ತಿ ಬಡ್ಡಿಯ ಬಾಕಿಗೇ ಮೊದಲು ಹೋಗಬೇಕು. ಆದರೆ ಅಂಗಡಿಯವರ ಕಾರ್ಡಿನ 'ಹನ್ನೆರಡು ತಿಂಗಳು ಬಡ್ಡಿ ಇಲ್ಲ, ಪೂರ್ತಿ ಕಟ್ಟಿದರೆ' ಅನ್ನುವ ಸಾಲಿನಲ್ಲಿರುವ 'ಕಟ್ಟಿದರೆ'ಯನ್ನು ಗಮನಿಸಿ. 1,200 ಡಾಲರಿನ ಸಾಮಾನಿಗೆ ಗಡುವಿನ ದಿನ 100 ಉಳಿದಿದ್ದರೂ, ಕೊಂಡ ದಿನದಿಂದ ಕೂಡಿಟ್ಟ ಬಡ್ಡಿಯೆಲ್ಲಾ ಒಮ್ಮೆಲೇ ಬಂದು ಬೀಳುತ್ತದೆ. ಇದು ಕಾನೂನುಬದ್ಧವೇ. ನನ್ನನ್ನು ಕೇಳಿದರೆ ಹೊಸಬರು ಇದರ ತಂಟೆಗೇ ಹೋಗಬಾರದು.

ಕೆಲಸದ ವೀಸಾದವರ ಅವಲಂಬಿತರಿಗೆ ಕೊಡುವ ಎಚ್-4 ವೀಸಾದಲ್ಲಿರುವ ಗಂಡನಿಗೋ ಹೆಂಡತಿಗೋ ಕಾರ್ಡ್ ಸಿಗುತ್ತದಾ ಅಂತ ತುಂಬಾ ಜನ ಕೇಳುತ್ತಾರೆ. 21 ತುಂಬಿದ್ದರೆ, ಸಂಗಾತಿಯ ಆದಾಯದಲ್ಲಿ ತಾವು ನ್ಯಾಯವಾಗಿ ಬಳಸಬಹುದಾದ ಭಾಗವನ್ನು ಅರ್ಜಿಯಲ್ಲಿ ತೋರಿಸಬಹುದು. 2013ರಲ್ಲಿ ನಿಯಮ ಬದಲಾಗಿ ಇದಕ್ಕೆ ದಾರಿಯಾಯಿತು. ಕಾರ್ಡ್ ಕೊಡುವುದು ಬಿಡುವುದು ಬ್ಯಾಂಕಿಗೆ ಸೇರಿದ್ದು. 21ಕ್ಕಿಂತ ಚಿಕ್ಕವರಾದರೆ ಸ್ವಂತ ಆದಾಯ ಇರಬೇಕು, ಇಲ್ಲವೇ ಜೊತೆಗೆ ಸಹಿ ಹಾಕುವವರು ಬೇಕು.

ಕೊನೆಯದಾಗಿ, ಸಣ್ಣ ಕಂಪನಿ ಶುರುಮಾಡಿ ಬಿಸಿನೆಸ್ ಕಾರ್ಡ್ ತೆಗೆದುಕೊಳ್ಳುವವರಿಗೆ. ಮೇಲೆ ಹೇಳಿದ 45 ದಿನ, ಹಳೇ ಬಾಕಿಯ ರಕ್ಷಣೆ, ಆರು ತಿಂಗಳ ಮರುಪರಿಶೀಲನೆ, ಇವೆಲ್ಲಾ ಸ್ವಂತ ಬಳಕೆಯ ಕಾರ್ಡಿಗೆ ಮಾತ್ರ. ಬಿಸಿನೆಸ್ ಕಾರ್ಡಿಗೆ ಕಾನೂನು ಈ ರಕ್ಷಣೆ ಕೊಡುವುದಿಲ್ಲ. ಕೆಲವು ಬ್ಯಾಂಕುಗಳು ತಾವಾಗಿಯೇ ಕೊಡುತ್ತವೆ, ಒಪ್ಪಂದದಲ್ಲಿ ಇದೆಯಾ ಅಂತ ನೋಡಿಕೊಂಡು ಸಹಿ ಹಾಕಿ.