ಸೋಡಾ ಚೆಲ್ಲಿದರೆ ದೋಸೆ: ಕ್ರಿಪ್ಟಿಕ್ ಪದಬಂಧ ಬಿಡಿಸೋದು ಹೇಗೆ?

ಜಯನಗರದ ನಮ್ಮ ಮನೆಗೆ ದಿನಾ ಎರಡು ಪೇಪರ್ ಬರುತ್ತವೆ. ಕನ್ನಡದ್ದು ಅತ್ತೆಗೆ, ಇಂಗ್ಲಿಷಿನದು ಮಾವನಿಗೆ. ಮದುವೆಯಾದ ಹೊಸತರಲ್ಲಿ ನಾನು ಅತ್ತೆಯ ಪಕ್ಷ. ಅವರ ಪದಬಂಧ ಕಾಫಿ ಆರುವ ಮೊದಲೇ ಭರ್ತಿಯಾಗುತ್ತಿತ್ತು. ಮಾವನ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಮಾತ್ರ ಮಧ್ಯಾಹ್ನದವರೆಗೂ ಟೀಪಾಯಿ ಮೇಲೆ ಅರ್ಧಂಬರ್ಧ ಬಿದ್ದಿರುತ್ತಿತ್ತು. ಒಂದು ದಿನ ಸುಮ್ನೆ ಇಣುಕಿ ನೋಡಿದೆ. ಒಂದು ಸಾಲೂ ತಲೆಗೆ ಹೋಗಲಿಲ್ಲ. ಮಾವ ನಕ್ಕು, ಪೇಪರಿನ ಅಂಚಿನಲ್ಲಿ ನನಗೆಂದೇ ಒಂದು ಸುಳಿವು ಬರೆದುಕೊಟ್ಟರು.

‘ಸೋಡಾ ಸ್ಪಿಲ್ಟ್ ಆನ್ ಬ್ರೇಕ್‌ಫಾಸ್ಟ್ (4)’.

ತಿಂಡಿ ಮೇಲೆ ಸೋಡಾ ಚೆಲ್ಲಿದೆಯಂತೆ. ಒರೆಸಬೇಕೇನೋ ಅಂದುಕೊಂಡೆ. ಮಾವ ಬಿಡಿಸಿ ಹೇಳಿದರು. ಉತ್ತರ ಒಂದು ತಿಂಡಿ. ‘ಸ್ಪಿಲ್ಟ್’ ಅನ್ನೋದು ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡು ಅನ್ನೋ ಅಪ್ಪಣೆ. ಸೋಡಾದಲ್ಲಿರುವ ಎಸ್, ಓ, ಡಿ, ಎ ನಾಲ್ಕನ್ನೂ ಕಲಸಿ ಜೋಡಿಸಿದರೆ ಡಿ, ಓ, ಎಸ್, ಎ. ದೋಸೆ!

ಕ್ರಿಪ್ಟಿಕ್‌ನ ಗುಟ್ಟು ಇಷ್ಟೇ. ಒಂದೇ ಉತ್ತರವನ್ನು ಸುಳಿವು ಸಾಮಾನ್ಯವಾಗಿ ಎರಡು ಸಲ ಹೇಳುತ್ತದೆ, ಒಂದು ಸಲ ನೇರವಾಗಿ, ಇನ್ನೊಂದು ಸಲ ಡೊಂಕಾಗಿ. ನೇರ ಅರ್ಥ ವಾಕ್ಯದ ಶುರುವಿನಲ್ಲಿರುತ್ತದೆ, ಇಲ್ಲದಿದ್ದರೆ ಕೊನೆಯಲ್ಲಿ. ನಡುವೆ ಹುಡುಕಬೇಡಿ. ಹಾಗಾಗಿ ಮೊದಲ ಕೆಲಸ, ವಾಕ್ಯ ಹೇಳುವ ಕಥೆಯನ್ನು ಮರೆಯೋದು. ಎರಡನೆಯದು, ಎಲ್ಲಿ ಕತ್ತರಿ ಹಾಕಿದರೆ ನೇರ ಅರ್ಥ ಒಂದು ಕಡೆ, ಆಟ ಇನ್ನೊಂದು ಕಡೆ ಆಗುತ್ತದೆ ಅಂತ ನೋಡೋದು. ಬ್ರಾಕೆಟ್‌ನಲ್ಲಿರುವ ಅಂಕಿ ಎಷ್ಟು ಮನೆ ತುಂಬಬೇಕು ಅಂತ ಹೇಳುತ್ತದೆ.

ಇಲ್ಲಿ ನನ್ನದೊಂದು ಸಲಹೆ. ಬೇರೆಯವರು ಒಪ್ಪದೆ ಇರಬಹುದು. ಇಂಗ್ಲಿಷ್ ಸುಳಿವಿಗೆ ಕೈ ಹಾಕುವ ಮೊದಲು ಕನ್ನಡದಲ್ಲೇ ಒಂದಷ್ಟು ಕಟ್ಟಿ, ಬಿಡಿಸಿ. ಒಗಟು ಕೇಳಿ ಬೆಳೆದ ನಮಗೆ ಡೊಂಕು ಮಾತೇನು ಹೊಸದಲ್ಲ. ಅತ್ತೆ, ನಾನು ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಾ ಕಟ್ಟಿದ ಕೆಲವು ಇಲ್ಲಿವೆ. ನಮ್ಮ ಪದಬಂಧದ ಹಾಗೇ ಒಂದು ಮನೆಗೆ ಒಂದು ಅಕ್ಷರ, ಕಾಗುಣಿತ, ಒತ್ತು ಎಲ್ಲ ಸೇರಿ.

‘ನದಿ ಹಿಂದಕ್ಕೆ ಹರಿದರೆ ಒಂದು ಹಗಲು-ರಾತ್ರಿ (2)’. ‘ನದಿ’ಯನ್ನು ಹಿಂದುಮುಂದಾಗಿ ಓದಿ: ದಿನ.

‘ಹೋಗೋದೋ ಸೆಖೆಯಲ್ಲಿ? ಒಳಗಿದೆ ತಿಂಡಿ (2)’. ಇದು ಬಚ್ಚಿಟ್ಟ ಪದ. ‘ಹೋಗೋದೋ’ ಪದದ ಬಾಲ, ‘ಸೆಖೆ’ಯ ತಲೆ ಸೇರಿಸಿ. ಮತ್ತೆ ದೋಸೆ! ಇದೇ ದೋಸೆಯನ್ನು ಇಂಗ್ಲಿಷಿನಲ್ಲಿ ಕಲಸಿದರೆ ಸೋಡಾ ಆಯ್ತು. ಕನ್ನಡದಲ್ಲಿ ಕಲಸಿದರೆ ‘ಸೆದೋ’ ಆಗುತ್ತದೆ, ಅಷ್ಟೇ. ನಮ್ಮ ಅಕ್ಷರಕ್ಕೆ ಸ್ವರ ಅಂಟಿಕೊಂಡೇ ಇರುತ್ತದಲ್ವಾ, ಕಲಸುವ ಆಟ ಅಷ್ಟಾಗಿ ನಡೆಯೋದಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಗಳು ಬಿಡಿಬಿಡಿ, ಅಲ್ಲಿ ಈ ಆಟವೇ ಜಾಸ್ತಿ.

‘ತೆರಿಗೆಯ ಬೆನ್ನಿಗೆ ಗಾಂಧಾರ, ಇದು ಬೆಂಗಳೂರಿನ ಉತ್ಸವ (3)’. ತೆರಿಗೆ ಅಂದರೆ ಕರ. ಗಾಂಧಾರ ಅಂದರೆ ಸರಿಗಮದ ‘ಗ’. ಕರಗ.

‘ಯುದ್ಧದಲ್ಲಿ ತಲೆ ಹೋಗಿ ನಿಂತಿದ್ದು ವೃಕ್ಷ (2)’. ಸಮರದ ‘ಸ’ ಹಾರಿಸಿ. ಮರ.

ಅತ್ತೆ ಕಟ್ಟಿದ್ದರಲ್ಲಿ ನನಗೆ ತುಂಬ ಇಷ್ಟವಾಗಿದ್ದು ಇದು: ‘ಮಾವನೊಳಗೆ ನಗುವಿನ ಆರಂಭ, ಮನುಷ್ಯನೇ! (3)’. ನಗುವಿನ ಆರಂಭ ‘ನ’. ಅದನ್ನು ‘ಮಾವ’ನ ಹೊಟ್ಟೆಯೊಳಗೆ ಇಟ್ಟರೆ ಮಾನವ. ಇದನ್ನು ಮಾವನಿಗೇ ಓದಿ ಹೇಳಿದೆವು. ಪೇಪರ್ ಕೆಳಗಿಳಿಸದೆ ‘ಹ್ಞೂಂ, ನಿಯಮ ಸರಿ ಇದೆ’ ಅಂದರು.

ಸುಳಿವಿನಲ್ಲಿ ಆಟವೇ ಇಲ್ಲದೆ ಎರಡು ನೇರ ಅರ್ಥಗಳನ್ನು ಪಕ್ಕಪಕ್ಕ ಕೂರಿಸುವುದೂ ಉಂಟು. ‘ಬೇಟೆಗಾರ ಒಲ್ಲೆ ಎಂದ (2)’. ಬೇಡ. ಸುಳಿವು ತೀರಾ ಚಿಕ್ಕದಾಗಿದ್ದರೆ ಮೊದಲು ಈ ಜಾತಿಯದೇ ಅಂತ ಅನುಮಾನಪಡಿ.

ಈಗ ಇಂಗ್ಲಿಷ್ ಪೇಪರ್ ತೆಗೆಯಿರಿ. ಚೌಕ ಸಾಮಾನ್ಯವಾಗಿ 15ಕ್ಕೆ 15. ಒಂದನೇ ನಂಬರಿನಿಂದಲೇ ಶುರು ಮಾಡಬೇಕು ಅಂತೇನಿಲ್ಲ. ಮೊದಲು ಎಲ್ಲ ಸುಳಿವನ್ನೂ ಒಮ್ಮೆ ಓದಿ, ಬಚ್ಚಿಟ್ಟ ಪದಗಳನ್ನು ಹಿಡಿಯಿರಿ. ಉತ್ತರ ಕಣ್ಣೆದುರೇ ಅಚ್ಚಾಗಿರುತ್ತದೆ. ‘ಸಮ್ ಟ್ರಬಲ್ ಹೈಡ್ಸ್ ಸಿಟಿ ಟ್ರೈನ್ (5)’. ‘ಸಮ್’ ಪದದ ಕೊನೆಯ ಎಂ, ಇ. ‘ಟ್ರಬಲ್’ನ ಮೊದಲ ಟಿ, ಆರ್, ಓ. ಮೆಟ್ರೊ. ಹಸಿರು ಮಾರ್ಗದ ರೈಲಿನಲ್ಲಿ ಜಯನಗರದಿಂದ ಸಂಪಿಗೆ ರಸ್ತೆಗೆ ನಿಂತುಕೊಂಡೇ ಹೋಗುವಾಗ ಕಟ್ಟಿದ್ದು ಇದು.

ಆಮೇಲೆ ಕಲಸುವ ಸುಳಿವು. ಒಡೆದ, ಕುಡಿದ, ಹುಚ್ಚಾದ, ಕುಣಿಯುವ, ರಿಪೇರಿಯಾದ ಅನ್ನುವ ಅರ್ಥದ ಇಂಗ್ಲಿಷ್ ಪದ ಕಂಡರೆ ಅದರ ಪಕ್ಕದ ಪದಗಳ ಅಕ್ಷರ ಎಣಿಸಿ. ಬ್ರಾಕೆಟ್‌ನ ಅಂಕಿಗೆ ತಾಳೆಯಾದರೆ ಆ ಅಕ್ಷರಗಳನ್ನು ಸಾಲಾಗಿ ಬರೆಯಬೇಡಿ, ವೃತ್ತಾಕಾರದಲ್ಲಿ ಬರೆಯಿರಿ. ಸಾಲಾಗಿ ಬರೆದರೆ ಕಣ್ಣು ಹಳೇ ಪದವನ್ನೇ ಓದುತ್ತಿರುತ್ತದೆ.

ಜೋಡಿಸುವ ಸುಳಿವಿಗೆ ಒಂದಿಷ್ಟು ಸಂಕೇತ ಬಾಯಿಪಾಠ ಆಗಬೇಕು. ಸೈಲರ್ ಅಂದರೆ ‘ಎಬಿ’ ಇಲ್ಲವೇ ‘ಟಾರ್’. ವರ್ಕರ್ ಅಂದರೆ ಇರುವೆ ಅಥವಾ ಜೇನುಹುಳ, ‘ಆ್ಯಂಟ್’ ಅಥವಾ ‘ಬೀ’. ಫಿಫ್ಟಿ ರೋಮನ್ ಅಂಕಿಯ ಎಲ್. ಲವ್ ಅಂದರೆ ಪ್ರೀತಿಯಲ್ಲ, ಟೆನಿಸ್ಸಿನ ಸೊನ್ನೆ, ಅಂದರೆ ಓ. ಡಕ್ ಕೂಡ ಓ, ಮೇಡನ್ ಎಂ. ಕ್ರಿಕೆಟ್ ನೋಡುವ ಬೆಂಗಳೂರಿನವರಿಗೆ ಇದನ್ನು ಕಲಿಸಬೇಕಾಗಿಲ್ಲ. ಊರಿನ ವಿಷಯ ಬಂತಲ್ಲ, ಇದನ್ನು ನೋಡಿ: ‘ಪ್ರೊಹಿಬಿಷನ್ ಅಪ್ಲೆಂಟಿ ಇನ್ ಅವರ್ ಸಿಟಿ, ಒನ್ಸ್ (9)’. ಪಬ್ಬುಗಳ ಊರಿನಲ್ಲಿ ಪಾನನಿಷೇಧವೇ ಅಂತ ಯೋಚಿಸಿದರೆ ಕೆಟ್ಟಿರಿ. ಪ್ರೊಹಿಬಿಷನ್ ಅಂದರೆ ‘ಬ್ಯಾನ್’. ಬೇಕಾದಷ್ಟು ಅನ್ನೋದಕ್ಕೆ ‘ಗಲೋರ್’. ಎರಡನ್ನೂ ಸೇರಿಸಿ. ಕೊನೆಯ ‘ಒನ್ಸ್’ ಯಾಕೆ? 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲೂ ನಾವು ಬೆಂಗಳೂರು ಆದೆವಲ್ಲ, ಅದಕ್ಕೆ. ಒಳ್ಳೆಯ ಸುಳಿವಿನಲ್ಲಿ ಒಂದು ಪದವೂ ದಂಡವಾಗಿ ಕೂತಿರುವುದಿಲ್ಲ.

ಸುಳಿವು ಕಟ್ಟುವವರು ದಾರಿ ತಪ್ಪಿಸಬಹುದು, ಸುಳ್ಳು ಹೇಳುವ ಹಾಗಿಲ್ಲ. ಈ ಮರ್ಯಾದೆ ಮೊದಲ ದಿನದಿಂದಲೇ ಇದ್ದದ್ದಲ್ಲ. 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಕೊಟ್ಟ ಮೊದಲ ಪದಬಂಧದಲ್ಲಿ ಇದ್ದದ್ದು ನೇರ ಸುಳಿವುಗಳೇ. ಡೊಂಕು ಬೆಳೆದದ್ದು ಇಂಗ್ಲೆಂಡಿನಲ್ಲಿ. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಪದಬಂಧ ಕಟ್ಟುತ್ತಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ತನಗೆ ಇಟ್ಟುಕೊಂಡ ಹೆಸರು ಟಾರ್ಕಮಾಡ, ಸ್ಪೇನಿನಲ್ಲಿ ಜನರನ್ನು ವಿಚಾರಣೆಗೆ ಎಳೆದು ಹಿಂಸಿಸಿದ ಪಾದ್ರಿಯದು! ಸುಳ್ಳು ಹೇಳಬಾರದು ಅನ್ನೋ ನಿಯಮ ಗಟ್ಟಿಯಾದದ್ದು ಆಮೇಲೆ. ಸುಳಿವು ಕಟ್ಟುವವರು ಇವತ್ತಿಗೂ ಗುಪ್ತನಾಮ ಇಟ್ಟುಕೊಳ್ಳುತ್ತಾರೆ. ಬೆಳಿಗ್ಗೆ ಮಾವ ಬೈಯುವುದು ಆ ಹೆಸರು ಹಿಡಿದೇ.

ಕೊನೆಯ ಹಂತವನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಉತ್ತರ ಬರೆದರೆ ಸಾಲದು, ಯಾಕೆ ಅಂತ ಹೇಳಲು ಬರಬೇಕು. ಮಾವನ ಜೇಬಿನಲ್ಲಿ ಪೆನ್ಸಿಲ್ಲೂ ಇರುತ್ತದೆ, ಪೆನ್ನೂ ಇರುತ್ತದೆ. ಊಹೆಯ ಉತ್ತರ ಪೆನ್ಸಿಲ್ಲಿನಲ್ಲಿ. ಪದಪದವನ್ನೂ ವಿವರಿಸಲು ಬಂದ ಮೇಲೆ ಪೆನ್ನು. ನಾನು ಈ ನಿಯಮ ಮುರಿದದ್ದು ‘ಏಷ್ಯನ್ ಫ್ಲವರ್ (5)’ ಅನ್ನೋ ಸುಳಿವಿಗೆ. ಕೊನೆಯ ಮನೆಯಲ್ಲಿ ಎಸ್ ಆಗಲೇ ಬಂದಿತ್ತು. ಏಷ್ಯಾದ ಹೂವು, ಐದು ಅಕ್ಷರ, ಎಸ್ ಕೊನೆ. ಲೋಟಸ್! ಪೆನ್ನಿನಲ್ಲೇ ಒತ್ತಿ ಬರೆದೆ.

‘ಏನಮ್ಮಾ, ಇದರಲ್ಲಿ ಕ್ರಿಪ್ಟಿಕ್ ಏನು ಬಂತು?’ ಅಂದರು ಮಾವ.

ನನ್ನ ಹತ್ತಿರ ಉತ್ತರವಿರಲಿಲ್ಲ. ಹತ್ತು ನಿಮಿಷದ ಮೇಲೆ ನಡುವಿನ ಮನೆಗೆ ಮೇಲಿನಿಂದ ‘ಡಿ’ ಇಳಿಯಿತು. ನಾನು ಅಲ್ಲಿ ಬರೆದದ್ದು ‘ಟಿ’. ಫ್ಲವರ್ ಅಂದರೆ ಇಲ್ಲಿ ಹೂವಲ್ಲ, ‘ಫ್ಲೋ’ ಆಗುವಂಥದ್ದು, ಹರಿಯುವಂಥದ್ದು. ನದಿ. ಇಂಡಸ್. ಆವತ್ತಿನ ಚೌಕದಲ್ಲಿ ಆ ಐದು ಮನೆ ಮಸಿ ಮೆತ್ತಿಕೊಂಡೇ ಉಳಿದವು.

ನಿಮಗೆ ಒಂದು ಬಿಟ್ಟಿರುತ್ತೇನೆ: ‘ದೊರೆ, ಹುಡುಕು! (3)’. ಪೆನ್ಸಿಲ್ ತೆಗೆದುಕೊಳ್ಳಿ.